ರಂಪಣಿ ಬಲೆಯೂ ಅದರ ಪಾಲೂ



ಬಂದಳಿಕೆಯ ಸುತ್ತಲಿನ ಶಿಕಾರಿಪುರ ಸೊರಬ ಸೀಮೆಯವರಿಗೆ ಮೀನು ಹಿಡಿಯುವದೆಂದರೆ ಮೊದಲು ನೆನಪಿಗೆ ಬರುವದು ಕೆರೆಬೇಟೆಯೇ. ಬೇಸಿಗೆಯ ಕಡೆಯಲ್ಲಿ ಕೆರೆಯ ನೀರು ಇಳಿದಾಗ ಊರವರು ಒಂದು ದಿನವನ್ನು ಗೊತ್ತುಮಾಡಿ ನೆರೆಯೂರುಗಳಿಗೆ ತಿಳಿಸುತ್ತಾರೆ. ಕೂಣಿಗೆ ಇಷ್ಟೆಂದು ಹಣ ಕೊಟ್ಟವರು ದಂಡೆಯಲ್ಲಿ ಕಾದು ನಿಂತಿದ್ದು, ಸೂಚನೆಯಾದ ಕೂಡಲೆ ಒಟ್ಟಾಗಿ ಕೆಸರಿಗೆ ಇಳಿದು, ಬಿದಿರಿನ ಕೂಣಿಯನ್ನು ನೆಲಕ್ಕೆ ಊರಿ, ಮೇಲಣ ಬಾಯಿಂದ ಕೈಯಿಕ್ಕಿ, ಒಳಗೆ ಸಿಕ್ಕಿದ ಮೀನನ್ನು ತೆಗೆಯುತ್ತಾರೆ. ಹಣವು ಊರಿನ ಕೆಲಸಕ್ಕೆ ಸಲ್ಲುತ್ತದೆ. ಮೀನಾದರೋ ಯಾರ ಕೂಣಿಗೆ ಬಿತ್ತೋ ಅವರದೇ. ಆದಕಾರಣ ಒಬ್ಬನು ಚೀಲ ತುಂಬಿಸಿಕೊಂಡು ಹೋಗುವನು. ಇನ್ನೊಬ್ಬನು ಮೈಯ ಕೆಸರನ್ನು ತೊಳೆದುಕೊಂಡು ಬರಿಗೈಯಲ್ಲಿ ಹೋಗುವನು.

ಘಟ್ಟದ ಕೆಳಗೆ ಬೇರೊಂದು ರೀತಿ ಇತ್ತು. ನಮ್ಮ ಸೀಮೆಯ ಮಳೆನೀರು ಕುಮುದ್ವತಿ ವರದೆಗಳಲ್ಲಿ ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಕೂಡುವದಾದರೂ, ಪಶ್ಚಿಮದ ಸಮುದ್ರವು ನಮಗೆ ಬಹು ದೂರವಲ್ಲ. ಸಾಗರದಿಂದ ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟವಿಳಿದರೆ ಹೊನ್ನಾವರ ಸಿಕ್ಕುತ್ತದೆ. ಆ ಮಳಲ ದಂಡೆಗಳಲ್ಲಿ ಅನೇಕ ವರ್ಷಗಳ ವರೆಗೆ ಒಂದು ಬಲೆಯು ನಡೆಯಿತು. ಅದರಲ್ಲಿ ಯಾರಿಗೂ ತನ್ನದೇ ಕೂಣಿ ಎಂಬದಿರಲಿಲ್ಲ, ಎಲ್ಲರಿಗೂ ಹಗ್ಗವೊಂದೇ. ಈ ಸಾರಿಯ ಪಾಠದಲ್ಲಿ ಆ ಬಲೆಯ ವಿಷಯವನ್ನು ನೋಡೋಣ.

೧. ಬಲೆಯ ರೀತಿ

ಕಾರವಾರದಿಂದ ಮಂಗಳೂರಿನ ವರೆಗೂ ಇದನ್ನು ರಂಪಣಿ ಎಂದು ಕರೆಯುತ್ತಿದ್ದರು. ಗೋವೆಯಲ್ಲಿಯೂ ಇಂಥ ಬಲೆಗೆ ರಾಂಪಣ್ ಎಂಬ ಹೆಸರೇ ಉಂಟು. ಒಬ್ಬನು ಹೆಗಲ ಮೇಲಿಂದ ಬೀಸುವ ಬೀಸುಬಲೆಯಂಥದು ಇದಲ್ಲ. ಅನೇಕ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟಿದ ಎಳೆಬಲೆಯಿದು. ಅದರ ಉದ್ದವು ಅರ್ಧ ಮೈಲಿಯಷ್ಟಿದ್ದು, ದೊಡ್ಡ ಬಲೆಗಳಲ್ಲಿ ಒಂದು ಮೈಲಿಯನ್ನೂ ಮುಟ್ಟುತ್ತಿತ್ತು. ಮೇಲಂಚಿಗೆ ತೇಲುವ ತುಂಡುಗಳೂ ಕೆಳಂಚಿಗೆ ಭಾರವೂ ಇರುವದರಿಂದ ಅದು ನೀರಿನಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲುವದು. ಸಮುದ್ರದ ತಳದಲ್ಲಿ ಬಂಡೆಯಿದ್ದರೆ ಬಲೆಯು ಸಿಕ್ಕಿ ಹರಿದುಹೋಗುವದು. ಆದದರಿಂದ ಶುದ್ಧ ಮಳಲಿನ ದಂಡೆಯೇ ಇದಕ್ಕೆ ಬೇಕು. ಇದನ್ನು ನಡಿಸುವದಕ್ಕೆ ೬೦ರಿಂದ ೧೦೦ ಮಂದಿಯ ವರೆಗೆ ಬೇಕಾಗುತ್ತಿತ್ತು.

ಇದರಿಂದ ಹಿಡಿಯುತ್ತಿದ್ದವುಗಳಲ್ಲಿ ಮುಖ್ಯವಾದವು ಎರಡು: ಬಂಗಡೆ ಒಂದು, ದಕ್ಷಿಣದವರು ಬೂತಾಯಿ ಎಂದೂ ಉತ್ತರದವರು ತಾರ್ಲೆ ಎಂದೂ ಹೇಳುವ ಎಣ್ಣೆಮೀನು ಇನ್ನೊಂದು. ಇವೆರಡೂ ಒಂಟಿಯಾಗಿ ತಿರುಗದೆ ಗುಂಪುಗುಂಪಾಗಿ ಈಜುತ್ತವೆ. ಮಳೆಗಾಲ ತೀರಿದ ಮೇಲೆ ದಂಡೆಯ ಹತ್ತರಕ್ಕೆ ಬರುತ್ತವೆ. ಸಪ್ಟೆಂಬರದಿಂದ ಮಾರ್ಚಿನ ವರೆಗೆ ರಂಪಣಿಯ ಕಾಲ.

೨. ಒಂದು ದಿನದ ಕೆಲಸ

ಬೆಳಗಾಗುವಾಗಲೇ ಅನುಭವಸ್ಥನೊಬ್ಬನು ಸಮುದ್ರವನ್ನು ನೋಡುತ್ತಾ ನಿಲ್ಲುವನು. ಒಂದು ಕಡೆಯಲ್ಲಿ ನೀರಿನ ಬಣ್ಣವು ಬೇರೆಯಾಗಿ ಕಂಡರೆ, ಗಾಳಿಯಿಲ್ಲದೆ ನೀರು ನಡುಗಿದರೆ, ಹಕ್ಕಿಗಳು ಒಂದೇ ಸ್ಥಳದಲ್ಲಿ ಎರಗಿದರೆ, ಅಲ್ಲಿ ಮೀನಿನ ಗುಂಪು ಇದೆಯೆಂದು ತಿಳಿದು ಕೂಗುವನು. ಆಗ ಬಲೆಯನ್ನು ಹೇರಿದ ದೋಣಿಯನ್ನು ನೀರಿಗೆ ತಳ್ಳುತ್ತಾರೆ. ಹಗ್ಗದ ಒಂದು ತುದಿಯನ್ನು ದಂಡೆಯಲ್ಲಿದ್ದವರ ಕೈಗೆ ಕೊಟ್ಟು, ದೋಣಿಯವರು ಬಲೆಯನ್ನು ಬಿಡುತ್ತಾ ಬಿಲ್ಲಿನಂತೆ ಸುತ್ತುಹಾಕಿ, ಇನ್ನೊಂದು ತುದಿಯನ್ನು ಬಹು ದೂರದಲ್ಲಿ ದಂಡೆಗೆ ಮುಟ್ಟಿಸುತ್ತಾರೆ.

ಆ ಮೇಲೆ ಎಳೆತವು ಆರಂಭವಾಗುವದು. ಎರಡು ತಂಡಗಳು ಎರಡು ತುದಿಗಳನ್ನು ಹಿಡಿದು, ಸೊಂಟ ಬಾಗಿಸಿ, ಹಿಮ್ಮಡಿಯನ್ನು ಮಳಲಿನಲ್ಲಿ ಹೂತು, ಒಂದೇ ದನಿಗೆ ಒಂದೊಂದು ಹೆಜ್ಜೆ ಹಿಂದಕ್ಕೆ ಇಡುತ್ತವೆ. ಎಳೆಯುತ್ತಾ ಎಳೆಯುತ್ತಾ ಎರಡೂ ತಂಡಗಳು ಒಂದಕ್ಕೊಂದು ಸಮೀಪಿಸುತ್ತವೆ. ಇಲ್ಲಿ ಬಲಕ್ಕಿಂತಲೂ ಹೊಂದಿಕೆಯೇ ಮುಖ್ಯ. ಯಾಕಂದರೆ ಒಂದು ಕಡೆಯವರು ಆತುರಪಟ್ಟು ಎಳೆದರೆ ಬಲೆಯ ಕೆಳಂಚು ನೆಲವನ್ನು ಬಿಟ್ಟು ಏಳುವದು, ಮೀನೆಲ್ಲಾ ಅದರ ಅಡಿಯಿಂದ ಪಾರಾಗುವದು. ಆದದರಿಂದ ಬಲಿಷ್ಠನು ತನ್ನ ಹೆಜ್ಜೆಯನ್ನು ಬಲಹೀನನ ಹೆಜ್ಜೆಗೆ ಸರಿಮಾಡಿಕೊಳ್ಳಬೇಕು. ಕೆಲವರು ನೀರಿನೊಳಗೇ ಇದ್ದು, ಮೀನು ಹಾರಿ ಹೋಗದಂತೆ ಮೇಲಂಚನ್ನು ಎತ್ತಿ ಹಿಡಿಯುತ್ತಾರೆ. ಹೀಗೆ ತಾಸುಗಟ್ಟಲೆ ದುಡಿದ ಮೇಲೆ ಕೆಲವು ದಿನ ಬಲೆಯಲ್ಲಿ ಪಾಚಿಯ ಹೊರತು ಏನೂ ಇರುವದಿಲ್ಲ. ಕೆಲವು ದಿನವಾದರೋ ದಂಡೆಯೆಲ್ಲಾ ಬೆಳ್ಳಿಯಾಗುವದು. ಒಂದೇ ದಿನದಲ್ಲಿ ತೆಗೆಯಲಾರದಷ್ಟು ಬಿದ್ದರೆ ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಬೇಕಾದ ಹಾಗೆ ಸ್ವಲ್ಪಸ್ವಲ್ಪವಾಗಿ ತೆಗೆಯುತ್ತಿದ್ದರು.

ಬಲೆಯು ದಂಡೆಗೆ ಬಂದ ಮೇಲೆ ಹೆಂಗಸರ ಕೆಲಸ. ಅವರು ಬುಟ್ಟಿಗಳನ್ನು ಹೊತ್ತು ಊರೂರಿಗೆ ಮಾರುತ್ತಿದ್ದರು. ಉಳಿದದ್ದನ್ನು ಉಪ್ಪು ಹಚ್ಚಿ ಒಣಗಿಸುತ್ತಿದ್ದರು. ಅದೂ ಮಿಕ್ಕರೆ ಎಣ್ಣೆಮೀನು ತೆಂಗಿನ ತೋಟಕ್ಕೆ ಗೊಬ್ಬರವಾಗುತ್ತಿತ್ತು.

ಇದನ್ನು ಓದುವಾಗ ಮತ್ತಾಯನ ಸುವಾರ್ತೆಯ ೧೩ನೆಯ ಅಧ್ಯಾಯದಲ್ಲಿ ಪರಲೋಕರಾಜ್ಯವನ್ನು ಬಲೆಗೆ ಹೋಲಿಸಿದ ಸಾಮ್ಯವು ನಿಮಗೆ ನೆನಪಾಗಬಹುದು. ಅಲ್ಲಿ ಹೇಳಿದ್ದು ಬೀಸುಬಲೆಯಲ್ಲ, ಇಂಥ ಎಳೆಬಲೆಯೇ. ಗ್ರೀಕ್ ಮೂಲದಲ್ಲಿರುವ ಸಗೇನೆ ಎಂಬ ಪದಕ್ಕೆ ಅದೇ ಅರ್ಥ. ಗಲಿಲಾಯದ ಕೆರೆಯಲ್ಲಿಯೂ ಬಲೆಯನ್ನು ದಂಡೆಗೆ ಎಳೆದು, ಕೂತುಕೊಂಡು, ಮೀನನ್ನು ವಿಂಗಡಿಸುತ್ತಿದ್ದರು. ವಿಂಗಡಿಸುವ ಕೆಲಸವು ಕಡೆಯಲ್ಲಿ ಬರುತ್ತದೆಂಬದನ್ನು ಗಮನಿಸಿರಿ. ಬಲೆ ನೀರಿನಲ್ಲಿರುವ ವರೆಗೆ ಎಳೆಯುವದೊಂದೇ ಕೆಲಸ.

೩. ಪಾಲು

ಅನೇಕ ಕಡೆಗಳಲ್ಲಿ ರಂಪಣಿಯು ಒಬ್ಬನ ಸೊತ್ತಾಗಿರದೆ ಒಂದು ಕೂಟದ ಸೊತ್ತಾಗಿತ್ತು. ಸೇರಿದ ಮನೆಯವರು ಬಲೆಯ ತುಂಡುಗಳನ್ನು ತಂದು ಕೂಡಿಸಿ, ಎಳೆಯುವದಕ್ಕೆ ಆಳನ್ನು ಕೊಡುತ್ತಿದ್ದರು. ಮಾರಿದ ಹಣದಲ್ಲಿ ದೋಣಿಗೂ ಬಲೆಗೂ ಒಂದು ಭಾಗವನ್ನು ತೆಗೆದಿಟ್ಟು, ಉಳಿದದ್ದನ್ನು ಪಾಲುಮಾಡುತ್ತಿದ್ದರು. ಕೂಟಕ್ಕೆ ಸೇರದವನು ಹಗ್ಗಕ್ಕೆ ಕೈಹಚ್ಚಿದರೆ ಅವನಿಗೂ ಸಾರಿಗೆ ಆಗುವಷ್ಟು ಮೀನು ಸಿಕ್ಕುತ್ತಿತ್ತು. ಮುದುಕನೂ ಶಾಲೆಯ ಹುಡುಗನೂ ಎಳೆಯಬಹುದಾಗಿತ್ತು, ಯಾಕಂದರೆ ಹಗ್ಗದಲ್ಲಿ ಎಲ್ಲರಿಗೂ ಸ್ಥಳವಿತ್ತು.

ಆದರೂ ಆ ಕಾಲವನ್ನು ಸ್ವರ್ಗವೆಂದು ಎಣಿಸಬಾರದು. ಕೆಲವು ಬಲೆಗಳು ಧನವಂತರ ಕೈಯಲ್ಲಿದ್ದವು. ಅಲ್ಲಿ ಎಳೆದವನ ಪಾಲು ಸಣ್ಣದು. ಮಳೆಗಾಲದಲ್ಲಿ ಮುಂಗಡವಾಗಿ ತೆಗೆದುಕೊಂಡ ಸಾಲವು ಸುಗ್ಗಿಯ ಮೀನನ್ನೆಲ್ಲಾ ನುಂಗುತ್ತಿದ್ದದ್ದೂ ಉಂಟು. ಆದರೆ ಸಣ್ಣದಾದರೂ ಪಾಲೆಂಬದು ಇತ್ತು.

೪. ಬಲೆಯು ಮೂಲೆ ಸೇರಿದ್ದು

೧೯೭೦ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆಯು ಬಂತು. ಇದು ಯಂತ್ರದ ದೋಣಿಯಿಂದ ನಡೆಯುವದು. ಸಮುದ್ರದಲ್ಲಿ ಮೀನಿನ ಗುಂಪನ್ನು ಕಂಡಲ್ಲಿಯೇ ಸುತ್ತುಗಟ್ಟಿ, ಸಂಚಿಯ ಬಾಯಿಗೆ ದಾರ ಎಳೆದ ಹಾಗೆ ಬಲೆಯ ಅಡಿಯನ್ನು ಮುಚ್ಚಿಬಿಡುವದು. ಆದದರಿಂದ ಮೀನು ದಂಡೆಗೆ ಬರುವ ತನಕ ಕಾಯುವ ಅಗತ್ಯವಿಲ್ಲ, ಮಳಲಿನ ನೆಲವೂ ಬೇಡ, ನೂರು ಕೈಗಳೂ ಬೇಡ. ದಂಡೆಯಲ್ಲಿ ಕಾದು ನಿಂತವನಿಗೆ ನೀರಿನ ಬಣ್ಣ ಕಾಣುವದಕ್ಕೆ ಮುಂಚೆಯೇ ಗುಂಪು ಹಿಡಿಯಲ್ಪಟ್ಟಿತ್ತು.

ರಂಪಣಿಯವರು ಇದನ್ನು ವಿರೋಧಿಸಿದರು. ಅವರಲ್ಲಿ ಶಕ್ತಿಯುಳ್ಳ ಕೆಲವರು ತಾವೇ ಹೊಸ ಬಲೆಗೆ ಸೇರಿದರು. ಶಕ್ತಿಯಿಲ್ಲದವರು ಆ ದೋಣಿಗಳಲ್ಲಿ ಕೂಲಿಯಾದರು, ಇಲ್ಲವೆ ಬೇರೆ ಕೆಲಸ ಹುಡುಕಿದರು. ೧೯೮೦ರ ದಶಕದೊಳಗೆ ದೊಡ್ಡ ರಂಪಣಿಯು ಹೆಚ್ಚು ಕಡಿಮೆ ಎಲ್ಲಾ ದಂಡೆಗಳಿಂದ ಮರೆಯಾಯಿತು. ಗೋವೆಯಲ್ಲಿಯೂ ಎಳೆಬಲೆಯವರು ಯಂತ್ರದ ದೋಣಿಗಳ ವಿರುದ್ಧ ಹೋರಾಡಿದರು; ಅಲ್ಲಿ ೧೯೮೦ರಲ್ಲಿಯೂ ಕರ್ನಾಟಕದಲ್ಲಿ ೧೯೮೬ರಲ್ಲಿಯೂ ಸಮುದ್ರದ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯಿದೆಗಳು ಹುಟ್ಟಿದವು. ಈಗ ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ ಯಂತ್ರದ ದೋಣಿಗಳು ಮೀನು ಹಿಡಿಯಬಾರದೆಂಬ ನಿಯಮವುಂಟು. ಕೈರಂಪಣಿ ಎಂಬ ಸಣ್ಣ ಎಳೆಬಲೆಯನ್ನು ಕೆಲವು ದಂಡೆಗಳಲ್ಲಿ ಇಂದಿಗೂ ಎಳೆಯುತ್ತಾರೆ.

೫. ನಾವು ಕಲಿಯತಕ್ಕದ್ದು

ಯಂತ್ರವೇ ಪಾಪವೆಂದು ಹೇಳುವದು ಈ ಪಾಠದ ತಾತ್ಪರ್ಯವಲ್ಲ. ಹೊಸ ಬಲೆಯು ಹೇರಳವಾಗಿ ಮೀನನ್ನು ಹಿಡಿಯಿತು, ಅನೇಕರಿಗೆ ಕೂಲಿಯನ್ನೂ ಕೊಟ್ಟಿತು. ಆದರೆ ಹಳೆಯ ಬಲೆಯು ಮೀನನ್ನು ಹಿಡಿಯುವದಲ್ಲದೆ ಇನ್ನೊಂದು ಕೆಲಸವನ್ನು ಹೆಸರಿಲ್ಲದೆ ಮಾಡುತ್ತಿತ್ತು. ಏನಂದರೆ, ದಂಡೆಯ ಮುದುಕನಿಗೂ ದಿಕ್ಕಿಲ್ಲದವನಿಗೂ ದಿನದ ಸಾರನ್ನು ಒದಗಿಸುತ್ತಿತ್ತು. ಬಲೆಯನ್ನು ಬದಲಿಸಿದವರು ಮೀನನ್ನು ಲೆಕ್ಕಮಾಡಿದರು, ಆ ಹಿಡಿ ಮೀನನ್ನು ಲೆಕ್ಕಮಾಡಲಿಲ್ಲ.

ಇದು ಸಮುದ್ರದವರ ಮಾತು, ನಮಗೇನು ಎನ್ನಬೇಡಿರಿ. ನಮ್ಮ ಗದ್ದೆಗಳಿಗೂ ಕೊಯ್ಯುವ ಯಂತ್ರಗಳು ಬಂದಿವೆ. ಕೈಯಿಂದ ಕೊಯ್ದ ಗದ್ದೆಯಲ್ಲಿ ಹಕ್ಕಲು ಆಯ್ದು ಮಕ್ಕಳಿಗೆ ಗಂಜಿ ಕಾಣಿಸಿದ ವಿಧವೆಯರು ನಮ್ಮ ಊರುಗಳಲ್ಲಿ ಇದ್ದರು. ರೂತಳು ಬೋವಜನ ಹೊಲದಲ್ಲಿ ಮಾಡಿದ್ದೂ ಅದನ್ನೇ. ಯಂತ್ರವು ಒಂದು ದಿನದಲ್ಲಿ ಕೊಯ್ದು ಬಡಿದು ಹೋಗುವದು. ಖರ್ಚು ಕಡಿಮೆಯಾಯಿತೆಂದು ನಾವು ಸಂತೋಷಪಡುವೆವು. ಒಳ್ಳೇದು. ಆದರೆ ಹಕ್ಕಲಿನವಳ ಪಾಲನ್ನು ಯಾರು ತೆಗೆದಿಟ್ಟರು? ಕೆರೆಯ ಮೀನಿನ ಹಕ್ಕನ್ನು ಹರಾಜಿಗೆ ಇಡುವಾಗಲೂ ಇದೇ ಪ್ರಶ್ನೆ.

ಆದದರಿಂದ ಹೊಸ ಸಾಧನವು ಊರಿಗೆ ಬರುವಾಗ, ಹಳೇ ಸಾಧನದ ಅಂಚನ್ನು ಹಿಡಿದು ಬದುಕಿದವರು ಯಾರೆಂದು ಮೊದಲು ಕೇಳಿ, ಅವರ ಪಾಲನ್ನು ಬೇರೆ ದಾರಿಯಿಂದ ಇಡುವದು ನಮ್ಮ ಕರ್ತವ್ಯ. ಯಂತ್ರಕ್ಕೆ ಅವರು ಕಾಣುವದಿಲ್ಲ; ನಮಗೆ ಕಾಣಬೇಕು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಕೆರೆಬೇಟೆಯ ಕೂಣಿಗೂ ರಂಪಣಿಯ ಹಗ್ಗಕ್ಕೂ ಇರುವ ಭೇದವೇನು?
೨. ಒಂದು ಕಡೆಯವರು ಆತುರಪಟ್ಟು ಎಳೆದರೆ ಆಗುವ ನಷ್ಟವೇನು? ನಮ್ಮ ಸಭೆಯ ಕೆಲಸದಲ್ಲಿ ಇದಕ್ಕೆ ಹೋಲುವದು ಯಾವದು?
೩. ನಿಮ್ಮ ಊರಿನಲ್ಲಿ ಇತ್ತೀಚೆಗೆ ಬಂದ ಯಾವ ಸಾಧನದಿಂದ ಯಾರ ಪಾಲು ತಪ್ಪಿತು? ಅವರ ಮನೆ ಯಾವದು? ಈ ವಾರದಲ್ಲಿ ಅಲ್ಲಿಗೆ ಹೋಗುವವರು ಯಾರು?