ನಂಜೇರಿದ ದೇಹದಲ್ಲಿ ಹೃದಯದ ಪಾಡು

ಹುಣ್ಣಿನಿಂದಲೋ ಹೆರಿಗೆಯ ಸೋಂಕಿನಿಂದಲೋ ಮೈಗೆ ನಂಜೇರಿದಾಗ ಹೃದಯವೂ ಬಲಗುಂದುವುದುಂಟು. ಹೃದಯದ ಮಾಂಸವನ್ನು ಪೋಷಿಸುವ ಕಿರೀಟ ಧಮನಿಗಳಲ್ಲಿ ರಕ್ತವು ಸಾಲದೆ ಹೋಗುವುದೇ ಇದಕ್ಕೆ ಕಾರಣವೆಂದು ವೈದ್ಯರು ಶಂಕಿಸಿದ್ದರು. ಶಂಕೆಯೇನೋ ಸಹಜವೇ, ಆದರೆ ಅಳೆದು ನೋಡಬೇಕಷ್ಟೆ. ಅಮೆರಿಕದ ಬೆಥೆಸ್ಡಾದಲ್ಲಿ ಪರಿಲ್ಲೋ ಮೊದಲಾದ ವೈದ್ಯರು ಇಂಥ 7 ಮಂದಿ ರೋಗಿಗಳ ಹೃದಯದ ಅಭಿಧಮನಿಯೊಳಗೆ ಸಣ್ಣ ನಳಿಗೆಯನ್ನಿಳಿಸಿ, ಹರಿವನ್ನಳೆದು, 1986ರಲ್ಲಿ ಫಲವನ್ನು ಪ್ರಕಟಿಸಿದರು. ರಕ್ತವು ಕಡಮೆಯಾಗಿರಲಿಲ್ಲ, ಕೆಲವರಲ್ಲಿ ಹೆಚ್ಚಾಗಿಯೇ ಇದ್ದಿತು! ನಂಜಿನ ದೆಸೆಯಿಂದ ರಕ್ತದಲ್ಲಿ ಹುಟ್ಟುವ ವಸ್ತುಗಳೇ ಹೃದಯವನ್ನು ಕುಗ್ಗಿಸುತ್ತವೆಂಬ ಮತವು ಇದರಿಂದ ಬಲಗೊಂಡಿತು. ಆದಕಾರಣ, ಹೃದಯದ ಗಾಯವನ್ನು ಸೂಚಿಸುವ ಟ್ರೋಪೋನಿನ್ ಎಂಬ ವಸ್ತುವು ನಂಜಿನ ರೋಗಿಯ ರಕ್ತದಲ್ಲಿ ಏರಿದ ಮಾತ್ರಕ್ಕೆ ಧಮನಿಯು ಮುಚ್ಚಿತೆಂದು ನಿಶ್ಚಯಿಸಲಾಗದು. ಅದೇ ವೈದ್ಯತಂಡವು 1984ರಲ್ಲಿ ತಿಳಿಸಿದಂತೆ, ಬದುಕಿ ಉಳಿದವರ ಹೃದಯವು 7ರಿಂದ 10 ದಿನಗಳಲ್ಲಿ ಮೊದಲಿನ ಶಕ್ತಿಗೆ ಮರಳಿತ್ತು.