ಬೆಟ್ಟದ ಮರೆಯಲ್ಲಿ ನಿಸ್ತಂತು ವಾಣಿ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಭೂಪಟವನ್ನು ಮುಂದಿರಿಸಿಕೊಂಡು ನೋಡಿರಿ. ಸೇಲಂ ನಗರವು ಸಮುದ್ರಮಟ್ಟದಿಂದ ಸುಮಾರು 280 ಮೀಟರು ಎತ್ತರದಲ್ಲಿದ್ದರೆ, ಅದರ ಬಗಲಿನಲ್ಲಿಯೇ ಇರುವ ಏರ್ಕಾಡು ಸುಮಾರು 1,500 ಮೀಟರು ಎತ್ತರದಲ್ಲಿದೆ. ಧರ್ಮಪುರಿಯಿಂದ ಸೇಲಮಿಗೆ ಹೋಗುವ ಹೆದ್ದಾರಿಯು ತೊಪ್ಪೂರು ಘಟ್ಟದಲ್ಲಿ ಇಳಿಯುತ್ತದೆ. ಹೆಸರಿನಲ್ಲೇ ಕನ್ನಡವನ್ನು ಹೊತ್ತಿರುವ ಹೊಗೇನಕಲ್ಲಿನಲ್ಲಿ ಕಾವೇರಿಯು ಬಂಡೆಗಳನ್ನು ಕೊರೆದು ಕಮರಿಯಾಗಿ ಹರಿಯುತ್ತದೆ. ಇವೆಲ್ಲವೂ ಕಣ್ಣಿಗೆ ರಮ್ಯ. ಆದರೆ ನಿಸ್ತಂತು ಮಾತಿಗೆ ತೊಡಕು.

ಪೊಲೀಸರು, ಅಗ್ನಿಶಾಮಕ ದಳದವರು, ಅರಣ್ಯರಕ್ಷಕರು ಬಳಸುವ ವಾಕಿಟಾಕಿಯನ್ನು ನೀವೆಲ್ಲರೂ ಕಂಡಿರುವಿರಿ. ಗುಂಡಿಯನ್ನೊತ್ತಿ ನುಡಿದರೆ ಆ ಮಾತು ಸಂಗಡಿಗರೆಲ್ಲರಿಗೂ ಒಡನೆ ಕೇಳಿಸುವುದೇ ಅದರ ವಿಶೇಷ. ಘಟ್ಟದಲ್ಲಿ ಲಾರಿ ಉರುಳಿದಾಗಲೋ, ಕಟ್ಟಡದ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿದಾಗಲೋ ಅದು ಮೂಕವಾದರೆ ಪ್ರಾಣಕ್ಕೇ ಸಂಚಕಾರ. ಇಂತಹ ಮೂಕವಲಯಗಳು ಏಕೆ ಉಂಟಾಗುತ್ತವೆ, ಅವುಗಳ ನಿವಾರಣೆ ಹೇಗೆ ಎಂಬುದನ್ನು ವಿಚಾರಿಸೋಣ.

ನಿಸ್ತಂತು ಅಲೆಗಳು ಬೆಳಕಿನ ಬಂಧುಗಳು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಲ್ಲಿ, ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಆದುದರಿಂದ ಬೆಟ್ಟದ ಹಿಂದೆ ಅವಕ್ಕೂ ನೆರಳುಂಟು. 150 ಮೆಗಾಹರ್ಟ್ಸಿನ ಅಲೆಯ ಉದ್ದ 2 ಮೀಟರು; 450 ಮೆಗಾಹರ್ಟ್ಸಿನದು ಸುಮಾರು 67 ಸೆಂಟಿಮೀಟರು. ಉದ್ದವಾದ ಅಲೆಯು ಬೆಟ್ಟದಂಚಿನಲ್ಲಿ ತುಸು ಹೆಚ್ಚಾಗಿ ಬಾಗುತ್ತದೆ. ಗಿಡ್ಡ ಅಲೆಯು ಕಿಟಕಿ ಬಾಗಿಲುಗಳ ಮೂಲಕ ಸುಲಭವಾಗಿ ಒಳಹೊಗುತ್ತದೆ. ಕಾಡಿಗೆ ಮೊದಲನೆಯದೂ ಪಟ್ಟಣದ ಕಟ್ಟಡಗಳಿಗೆ ಎರಡನೆಯದೂ ಹೆಚ್ಚು ಅನುಕೂಲ.

ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿರಿ. ಎಫ್.ಎಂ. ನಿಲಯವೊಂದನ್ನು ಹಿಡಿದಿರುವ ಚಿಕ್ಕ ರೇಡಿಯೋವನ್ನು ಅದರ ಏರಿಯಲ್ ಮಡಚಿ ಕಬ್ಬಿಣದ ತಂತಿಬಲೆಯ ಇಲಿಬೋನಿನೊಳಗಿಟ್ಟು ಬಾಗಿಲು ಮುಚ್ಚಿರಿ. ಬಲೆಯ ಸಂದಿನಿಂದ ಶಬ್ದವು ಧಾರಾಳವಾಗಿ ಹೊರಬರಬಲ್ಲುದು. ಆದರೂ ನಿಲಯದ ಧ್ವನಿ ಕುಗ್ಗುವುದು, ಕೆಲವೊಮ್ಮೆ ಅಡಗಿಯೇ ಹೋಗುವುದು. ಸುಮಾರು 3 ಮೀಟರು ಉದ್ದದ ಆ ಅಲೆಗೆ ಬಲೆಯೇ ಗೋಡೆ. ಏರಿಯಲನ್ನು ಸಂದಿನಿಂದ ಹೊರಕ್ಕೆ ಚಾಚಿದರೆ ಹಾಡು ಮರಳಿ ಬರುವುದು. ಕಬ್ಬಿಣದ ಸರಳುಗಳಿಂದ ಹೆಣೆದ ಕಾಂಕ್ರೀಟು ಕಟ್ಟಡವೂ ಒಂದು ದೊಡ್ಡ ಬೋನೇ. ರೋಗವೂ ಚಿಕಿತ್ಸೆಯೂ ಈ ಪ್ರಯೋಗದಲ್ಲಿಯೇ ಅಡಗಿವೆ.

ಯಂತ್ರದ ಶಕ್ತಿಯನ್ನು ಹೆಚ್ಚಿಸಿದರೆ ಸಾಲದೇ ಎಂದು ಕೇಳುವಿರಿ. ಬಯಲಿನಲ್ಲಿಯೂ ದೂರವು ಇಮ್ಮಡಿಯಾದಾಗ ಅಲೆಯ ಬಲವು ಕಾಲುಭಾಗಕ್ಕೆ ಇಳಿಯುತ್ತದೆ. ಬೆಟ್ಟ ಅಡ್ಡವಿದ್ದರಂತೂ ನಷ್ಟ ಇನ್ನೂ ಹೆಚ್ಚು. ಅದಲ್ಲದೆ, ಠಾಣೆಯ ದೊಡ್ಡ ಯಂತ್ರದ ಮಾತು ಕಣಿವೆಯವನಿಗೆ ಕೇಳಿಸಿದರೂ, ಅವನ ಕೈಯಲ್ಲಿರುವ ಕೆಲವೇ ವಾಟಿನ ಯಂತ್ರದ ಉತ್ತರ ಠಾಣೆಯನ್ನು ಮುಟ್ಟಬೇಕಷ್ಟೆ! ಸಂಭಾಷಣೆಗೆ ಎರಡು ದಿಕ್ಕಿನ ದಾರಿಯೂ ತೆರೆದಿರಬೇಕು.

ಆದುದರಿಂದ ಕೂಗನ್ನು ಏರಿಸುವುದಕ್ಕಿಂತ ಎತ್ತರಕ್ಕೆ ಏರುವುದು ಲೇಸು. ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಹಿಡಿದ ಯಂತ್ರದ ನಿಸ್ತಂತು ದಿಗಂತವು ಸುಮಾರು 5 ಕಿಲೋಮೀಟರು. ಬಯಲಿಗಿಂತ 1,200 ಮೀಟರು ಮೇಲಿರುವ ಆಂಟೆನಾಗೆ ಅದು ಸುಮಾರು 140 ಕಿಲೋಮೀಟರು. ಶಿಖರದ ಮೇಲೆ ಇರಿಸುವ ರಿಪೀಟರ್ ಒಂದು ಆವೃತ್ತಿಯಲ್ಲಿ ಕೇಳಿದುದನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವೃತ್ತಿಯಲ್ಲಿ ಹೇಳುತ್ತದೆ. ಬೆಟ್ಟದ ಎರಡು ಮಗ್ಗುಲವರೂ ಅದರ ಮೂಲಕ ಮಾತನಾಡಬಹುದು. ಶಿಖರಕ್ಕೂ ಕಾಣದ ಕಮರಿಗೆ, ಅದರ ಅಂಚಿನಲ್ಲಿ ಮತ್ತೊಂದು ಚಿಕ್ಕ ರಿಪೀಟರ್ ಬೇಕಾಗುವುದು.

ಕಟ್ಟಡಕ್ಕೆ ಉಪಾಯ ಇಲಿಬೋನಿನದೇ. ಮಾಳಿಗೆಯ ಮೇಲೊಂದು ಆಂಟೆನಾ, ಅಲ್ಲಿಂದ ಒಳಕ್ಕೆ ಕೇಬಲು, ನಡುವೆ ಎರಡು ದಿಕ್ಕಿನ ಮಾತನ್ನೂ ಬಲಪಡಿಸುವ ವರ್ಧಕ, ಅಂತಸ್ತಿಗೊಂದು ಚಿಕ್ಕ ಆಂಟೆನಾ. ಸುರಂಗದಲ್ಲಾದರೆ ಉದ್ದಕ್ಕೂ ಅಲೆಯನ್ನು ಜಿನುಗಿಸುವ ಸೀಳುಗಳುಳ್ಳ ಕೇಬಲನ್ನು ಎಳೆಯುತ್ತಾರೆ. ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದಾಗ ಕೀರಲು ಕೂಗು ಏಳುವಂತೆ, ಒಳ ಹೊರ ಆಂಟೆನಾಗಳು ಒಂದನ್ನೊಂದು ಕೇಳಿಸಿಕೊಂಡರೆ ಇಲ್ಲಿಯೂ ಗೊಂದಲವೇಳುವುದು. ಅನುಮತಿಯಿಲ್ಲದೆ ಇಂತಹ ವರ್ಧಕವನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ನೆರೆಹೊರೆಯವರ ಸಂಪರ್ಕಕ್ಕೂ ಬಾಧಕ.

ಈಗ ಡಿಜಿಟಲ್ ಯಂತ್ರಗಳು ಬಂದಿವೆ. ಅವು ಮಾತನ್ನು ಅಂಕೆಗಳನ್ನಾಗಿಸಿ ಕಳುಹಿಸುತ್ತವೆ. ದಾರಿಯಲ್ಲಿ ಕೆಟ್ಟ ಕೆಲವು ಅಂಕೆಗಳನ್ನು ತಾವೇ ತಿದ್ದಿಕೊಳ್ಳುತ್ತವೆ. ಹಳೆಯ ಯಂತ್ರದಲ್ಲಿ ದೂರ ಹೋದಂತೆ ಕೊರಕೊರ ಸದ್ದು ಹೆಚ್ಚುತ್ತಾ ಎಚ್ಚರಿಕೆ ಕೊಡುತ್ತಿತ್ತು. ಡಿಜಿಟಲ್ ಧ್ವನಿಯಾದರೋ ಕೊನೆಯ ಅಂಚಿನವರೆಗೂ ಸ್ವಚ್ಛವಾಗಿದ್ದು, ಮುಂದಿನ ಹೆಜ್ಜೆಯಲ್ಲಿ ತಟ್ಟನೆ ಕಡಿದುಹೋಗಬಹುದು. ಆದುದರಿಂದ ಮೆಟ್ಟಿಲು, ನೆಲಮಾಳಿಗೆ, ಮೂಲೆಮೂಲೆಗಳಲ್ಲಿ ಮೊದಲೇ ನಡೆದು ಮಾತನಾಡಿ ನೋಡಿ, ನಕ್ಷೆಯಲ್ಲಿ ಗುರುತು ಹಾಕುವುದು ಅವಶ್ಯ.

ಉಪಕರಣವಿದ್ದ ಮಾತ್ರಕ್ಕೆ ಸಾಲದು. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದಲ್ಲಿ 1993ರ ಬಾಂಬ್ ಸ್ಫೋಟದ ನಂತರ ಅಗ್ನಿಶಾಮಕರಿಗಾಗಿ ರಿಪೀಟರ್ ಸ್ಥಾಪಿಸಿದ್ದರು. 2001ರ ಸೆಪ್ಟೆಂಬರ್ 11ರಂದು ಅದರ ಒಂದು ಗುಂಡಿಯನ್ನು ಒತ್ತಲಾಗಿತ್ತು. ಮುಖ್ಯ ಫೋನಿನಿಂದ ಮಾತನಾಡಲು ಬೇಕಾದ ಎರಡನೆಯ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಉತ್ತರ ಗೋಪುರದ ಅಧಿಕಾರಿಗಳು ಯಂತ್ರವೇ ಕೆಟ್ಟಿದೆಯೆಂದು ತಿಳಿದು ಅದನ್ನು ಬಿಟ್ಟರು. ಆ ದಿನ ಮಡಿದ ಅಗ್ನಿಶಾಮಕರು 343 ಮಂದಿ. ಇದಕ್ಕೆಲ್ಲ ಒಂದು ಗುಂಡಿಯೇ ಕಾರಣವೆಂದಲ್ಲ. ಆದರೆ ಆಪತ್ತಿನ ಗಳಿಗೆಯು ಯಂತ್ರವನ್ನು ಕಲಿಯುವ ಗಳಿಗೆಯಲ್ಲವೆಂಬುದು ಇದರಿಂದ ವಿದಿತ.

ಪೋಷಕ ಮಹನೀಯರೇ, ಗಿರಣಿಯನ್ನೋ ಆಸ್ಪತ್ರೆಯನ್ನೋ ಕಟ್ಟಿಸುವಾಗ ನೀರಿನ ಕೊಳವೆಯಂತೆ ನಿಸ್ತಂತು ಕೇಬಲಿಗೂ ಒಂದು ದಾರಿ ಬಿಡಿಸಿರಿ. ವಿದ್ಯಾರ್ಥಿಗಳೇ, ನಿಮ್ಮೂರ ನಕ್ಷೆಯನ್ನು ಬರೆದು, ಎಲ್ಲೆಲ್ಲಿ ಮೊಬೈಲಿನ ಮಾತು ಕಡಿಯುತ್ತದೆಂಬುದನ್ನು ಗುರುತಿಸಿರಿ; ಅಲ್ಲಿ ಅಡ್ಡ ನಿಂತಿರುವುದು ಬೆಟ್ಟವೋ ಗೋಡೆಯೋ ದೂರವೋ ಎಂದು ಪಕ್ಕದಲ್ಲಿ ಬರೆಯಿರಿ. ಅಡ್ಡಿ ಯಾವುದೆಂದು ತಿಳಿದಲ್ಲಿಗೆ ಅರ್ಧ ಕೆಲಸ ಮುಗಿದಂತೆ.