ಬಯೋಡೇಟಾ ಬರೆಸಲು ಹಣ ಕೊಡಬೇಕೇ?

ಮಕ್ಕಳು ಕೊನೆಯ ವರ್ಷದ ಪದವಿಗೆ ಬಂದ ಮೇಲೆ ವಿದ್ಯಾರ್ಥಿವೇತನ ಪಡೆಯುವ ಕುಟುಂಬಗಳು ಕೇಳುವ ಒಂದು ಪ್ರಶ್ನೆ ಇದೆ: "ದುಡ್ಡು ಕೊಟ್ಟರೆ ಕಂಪನಿಯವರು ಕರೆಯುವಂಥ ರೆಸ್ಯೂಮ್ ಮಾಡಿಕೊಡುತ್ತಾರಂತೆ, ಮಾಡಿಸೋಣವೇ?" ಬಯೋಡೇಟಾ, ರೆಸ್ಯೂಮ್, ಸಿವಿ ಎಂದು ಹೆಸರು ಮೂರಾದರೂ ನಮ್ಮಲ್ಲಿ ಬಹುತೇಕರು ಹೇಳುವುದು ಅದೇ ಒಂದೆರಡು ಪುಟದ ಕಾಗದವನ್ನು. ಅದನ್ನು ಬರೆದುಕೊಡಲು ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದವರೆಗೆ ಕೇಳುವವರಿದ್ದಾರೆ. ಒಂದು ಸೆಮಿಸ್ಟರ್‌ನ ಪುಸ್ತಕ ಮತ್ತು ಬಸ್ ಪಾಸಿನ ಹಣ ಅದು. ಆದ್ದರಿಂದ ಕೊಡುವ ಮೊದಲು ಸ್ವಲ್ಪ ಯೋಚಿಸಬೇಕು.

ಮೊದಲು ಕೇಳಿಕೊಳ್ಳಬೇಕಾದದ್ದು, ಈ ಕಾಗದವನ್ನು ಓದುವವರು ಯಾರು? ಕೆಪಿಎಸ್‌ಸಿ, ಸ್ಟಾಫ್ ಸೆಲೆಕ್ಷನ್ ಕಮಿಷನ್, ರೈಲ್ವೆ, ಐಬಿಪಿಎಸ್ ಮೂಲಕ ನಡೆಯುವ ಬ್ಯಾಂಕ್ ನೇಮಕಾತಿ ಇವೆಲ್ಲ ಆನ್‌ಲೈನ್ ಅರ್ಜಿ ಮತ್ತು ಪರೀಕ್ಷೆಯ ಮೇಲೆ ನಡೆಯುತ್ತವೆ. ಅಲ್ಲಿ ಅಂದದ ರೆಸ್ಯೂಮ್‌ಗೆ ಅಂಕವಿಲ್ಲ. ಕ್ಯಾಂಪಸ್ ಸಂದರ್ಶನವಾದರೆ ಎಷ್ಟೋ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗವೇ ಒಂದು ಮಾದರಿ ಕೊಡುತ್ತದೆ. ಉಳಿಯುವುದು ಖಾಸಗಿ ಕಂಪನಿಗಳಿಗೆ ನೇರವಾಗಿ ಹಾಕುವ ಅರ್ಜಿ, ವಾಕ್-ಇನ್ ಸಂದರ್ಶನ ಮತ್ತು ಗಲ್ಫ್ ಕೆಲಸ.

ಈಗಷ್ಟೇ ಓದು ಮುಗಿಸಿದವರ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಹಣ ಕೊಡುವ ಅಗತ್ಯವಿಲ್ಲ. ಬರೆದುಕೊಡುವವರಿಗೆ ನಿಮ್ಮ ಮಗನ ಅಥವಾ ಮಗಳ ಬಗ್ಗೆ ಗೊತ್ತಿರುವುದು ನೀವು ಹೇಳಿದಷ್ಟೇ. ಏನೂ ಕೇಳದೆ ಬರೆದರೆ "ಶ್ರಮಜೀವಿ, ತಂಡದೊಡನೆ ಬೆರೆಯುವವರು, ಸವಾಲಿನ ಹುದ್ದೆಯನ್ನು ಬಯಸುವವರು" ಎಂಬ ಸಾಲುಗಳೇ ಬರುತ್ತವೆ. ದಿನಕ್ಕೆ ನೂರಾರು ಅರ್ಜಿ ನೋಡುವವರು ಆ ಸಾಲುಗಳ ಮೇಲೆ ಕಣ್ಣಾಡಿಸುವುದೂ ಇಲ್ಲ.

ಒಂದು ಉದಾಹರಣೆ ನೋಡೋಣ. ಬಿಕಾಂ ಓದುತ್ತಿರುವ ಹುಡುಗಿಯೊಬ್ಬಳು ಮೂರು ವರ್ಷದಿಂದ ಸಂಜೆ ಹೊತ್ತು ತಂದೆಯ ದಿನಸಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಿ. ಮನೆಯವರಿಗೆ ಅದು ಕೆಲಸವೆಂದೇ ಅನಿಸಿರುವುದಿಲ್ಲ. ಆಕೆಯ ಬಯೋಡೇಟಾದಲ್ಲಿ ಅನುಭವದ ಜಾಗ ಖಾಲಿ, ಹವ್ಯಾಸದ ಜಾಗದಲ್ಲಿ "ಓದುವುದು, ಸಂಗೀತ ಕೇಳುವುದು". ಅದರ ಬದಲು, "ಮೂರು ವರ್ಷ ಕುಟುಂಬದ ದಿನಸಿ ಅಂಗಡಿಯ ದಿನದ ಲೆಕ್ಕ ಬರೆದಿದ್ದೇನೆ; ಸುಮಾರು 40 ಗಿರಾಕಿಗಳ ಸಾಲದ ಖಾತೆಗಳನ್ನು ಪುಸ್ತಕದಿಂದ ಟ್ಯಾಲಿಗೆ ಹಾಕಿದ್ದೇನೆ; ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಬಿಲ್ಲುಗಳನ್ನು ಹೊಂದಿಸಿ ಕೊಟ್ಟಿದ್ದೇನೆ" ಎಂದು ಬರೆದರೆ ಲೆಕ್ಕಪತ್ರದ ಕಚೇರಿಯವರು ಆಕೆಯನ್ನು ಕರೆದು ಮಾತನಾಡಿಸಲು ಕಾರಣ ಸಿಗುತ್ತದೆ. ಇದನ್ನೇ ಸರಳ ಇಂಗ್ಲಿಷ್‌ನಲ್ಲಿ ಬರೆದರೆ ಸಾಕು. ವ್ಯಾಕರಣವನ್ನು ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರು ಹತ್ತು ನಿಮಿಷದಲ್ಲಿ ತಿದ್ದಿಕೊಟ್ಟಾರು. ಆದರೆ ಆ 40 ಖಾತೆಗಳ ವಿಷಯ ಮನೆಯವರಿಗಲ್ಲದೆ ಬೇರೆ ಯಾರಿಗೆ ಗೊತ್ತು?

ಕಂಪ್ಯೂಟರ್ ತಂತ್ರಾಂಶವೇ ಮೊದಲು ರೆಸ್ಯೂಮ್ ಓದುತ್ತದೆ, ಅದಕ್ಕೆ ತಕ್ಕ "ಎಟಿಎಸ್ ಸ್ಕೋರ್" ಮಾಡಿಕೊಡುತ್ತೇವೆ ಎಂದು ಹೇಳಿ ಮಾರುವವರೂ ಇದ್ದಾರೆ. ಅಂಥ ತಂತ್ರಾಂಶವನ್ನು ದೊಡ್ಡ ಕಂಪನಿಗಳು ಬಳಸುವುದು ನಿಜ. ಆದರೆ ಅದು ಹಲವು ಬಗೆಯದು. ಎಲ್ಲ ಕಂಪನಿಗಳಿಗೂ ಒಪ್ಪುವ ಒಂದೇ ಸ್ಕೋರ್ ಎಂಬುದಿಲ್ಲ. ಎರಡು ಕಾಲಂ, ಕೋಷ್ಟಕ, ಬಣ್ಣದ ಪಟ್ಟಿ, ಚಿತ್ರಗಳಿದ್ದರೆ ತಂತ್ರಾಂಶ ತಡವರಿಸಬಹುದು. ದುಡ್ಡು ಕೊಟ್ಟು ಮಾಡಿಸಿದ ಎಷ್ಟೋ ಅಲಂಕಾರದ ರೆಸ್ಯೂಮ್‌ಗಳಲ್ಲಿ ಇರುವುದು ಇವೇ! ಒಂದೇ ಕಾಲಂ, ಸಾಮಾನ್ಯ ಅಕ್ಷರ, ಜಾಹೀರಾತಿನಲ್ಲಿ ಕೇಳಿರುವ ಕೌಶಲ ನಿಮಗೆ ನಿಜವಾಗಿ ಇದ್ದರೆ ಅದೇ ಪದದಲ್ಲಿ ಅದರ ಹೆಸರು, ಇಷ್ಟಿದ್ದರೆ ಆಯಿತು. ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ ಬಯೋಡೇಟಾದಲ್ಲಿ ಬೇಡವೇ ಬೇಡ. ಧರ್ಮ, ಜಾತಿಯ ವಿವರವೂ ಬೇಕಿಲ್ಲ. ಅದು ಹಳೆಯ ಬಯೋಡೇಟಾ ನಮೂನೆಯಿಂದ ಉಳಿದುಬಂದ ಅಭ್ಯಾಸ.

ಇಲ್ಲದ ಅನುಭವವನ್ನು ಸೇರಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ 2014ರಲ್ಲಿ ಜಾರಿಗೆ ಬಂದಿದ್ದು, ಪಿಎಫ್ ಕಟ್ಟುವ ಸಂಸ್ಥೆಗೆ ಒಬ್ಬರು ಯಾವಾಗ ಸೇರಿದರು, ಯಾವಾಗ ಬಿಟ್ಟರು ಎಂಬುದು ಅದರ ದಾಖಲೆಯಲ್ಲಿ ಸಿಗುತ್ತದೆ. ಕೆಲಸ ಸಿಕ್ಕ ಮೇಲೂ ಪರಿಶೀಲನೆ ನಡೆಯುತ್ತದೆ. ಆಗ ಸುಳ್ಳು ಹೊರಬಿದ್ದರೆ ಕೆಲಸ ಕಳೆದುಕೊಳ್ಳುವುದು ಅಭ್ಯರ್ಥಿಯೇ, ಬರೆದುಕೊಟ್ಟವರಲ್ಲ.

ಹಾಗಾದರೆ ಯಾರಿಗೂ ಇದರಿಂದ ಪ್ರಯೋಜನವಿಲ್ಲವೇ? ಇದೆ. ಹದಿನೈದು ವರ್ಷ ದಮ್ಮಾಮ್‌ನಲ್ಲೋ ದೋಹಾದಲ್ಲೋ ದುಡಿದು ಊರಿಗೆ ಮರಳಿ ಇಲ್ಲಿ ಕೆಲಸ ಹುಡುಕುವವರು, ಮಕ್ಕಳನ್ನು ಬೆಳೆಸಿ ಮತ್ತೆ ಉದ್ಯೋಗಕ್ಕೆ ಹೊರಟ ತಾಯಂದಿರು, ಒಂದು ವೃತ್ತಿಯಿಂದ ಇನ್ನೊಂದಕ್ಕೆ ಬದಲಾಗುವವರು, ಇವರಿಗೆಲ್ಲ ಹೇಳಬೇಕಾದದ್ದು ಬಹಳ, ಜಾಗ ಎರಡು ಪುಟ. ಯಾವುದನ್ನು ಬಿಡಬೇಕೆಂದು ತಿಳಿದವರ ನೆರವಿಗೆ ಹಣ ಕೊಟ್ಟರೆ ತಪ್ಪಿಲ್ಲ. ಅರ್ಧ ಗಂಟೆಯಾದರೂ ಕೂತು ನಿಮ್ಮನ್ನು ಪ್ರಶ್ನೆ ಕೇಳುತ್ತಾರೆಯೇ, ಬರೆದ ಮೇಲೆ ತಿದ್ದಿಕೊಡುತ್ತಾರೆಯೇ, ಮುಂದೆ ನೀವೇ ಬದಲಿಸಿಕೊಳ್ಳುವಂತೆ ವರ್ಡ್ ಫೈಲ್ ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಕೆಲಸದ ಗ್ಯಾರಂಟಿ ಕೊಡುವವರಾದರೆ ಎದ್ದು ಬನ್ನಿ.

ಗಲ್ಫ್ ಕೆಲಸದ ಸಿವಿಯಲ್ಲಿ ಫೋಟೋ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಅವಧಿ, ವೀಸಾ ಸ್ಥಿತಿ ಹಾಕುವುದು ವಾಡಿಕೆ. ಅಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ. "ಸಿವಿ ಶುಲ್ಕ" ಎಂದು ಶುರುವಾಗಿ ನೋಂದಣಿ ಶುಲ್ಕ, ಫೈಲ್ ಶುಲ್ಕ ಎಂದು ಬೆಳೆಯುವ ವಸೂಲಿ ಅದು. 1983ರ ವಲಸೆ ಕಾಯ್ದೆಯ ನಿಯಮಗಳಂತೆ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೇಳಿ ಪಡೆಯಿರಿ. ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ಎಂದು ನೋಡಿದ ಮೇಲೆಯೇ ಪಾಸ್‌ಪೋರ್ಟ್ ಕೈಗೆ ಕೊಡಿ.

ದೇಶದೊಳಗಿನ ಕೆಲಸಕ್ಕೆ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. 2015ರಿಂದ ಅದು ನಡೆಯುತ್ತಿದೆ. ಇನ್ನು ದಾನಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಕಚೇರಿ ನಡೆಸುವವರು, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಇದ್ದೀರಿ. ನಿಮ್ಮದೇ ವೃತ್ತಿಗೆ ಬರಲಿರುವ ಒಬ್ಬ ವಿದ್ಯಾರ್ಥಿಯ ಒಂದು ಪುಟವನ್ನು ಇಪ್ಪತ್ತು ನಿಮಿಷ ಓದಿ, "ಇದನ್ನು ನೋಡಿ ನಾನು ಕರೆಯುತ್ತಿದ್ದೆನೇ? ಇಲ್ಲವಾದರೆ ಯಾಕೆ?" ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಡಿ. ವಿದ್ಯಾರ್ಥಿಗಳು ಅಂಥವರ ಬಳಿಗೆ ಹೋಗುವಾಗ ಎರಡು ಪ್ರತಿ ಒಯ್ಯಲಿ, ತಿದ್ದಿಸಿಕೊಳ್ಳಲು ಒಂದು, ಅವರ ಬಳಿ ಬಿಟ್ಟುಬರಲು ಇನ್ನೊಂದು.